ಮಂದ್ರದ ಬದಿ

ಆಂಬ್ರೋಸ್ ಪೆಲ್ ಕೂತು ಊಟ ಮಾಡಿದ್ದನ್ನು ಆಲ್ಡರ್ಸ್‌ಗೇಟ್ ಬೀದಿಯಲ್ಲಿ ಕಂಡವರಿರಲಿಲ್ಲ. ರೊಟ್ಟಿ, ಚೀಸು, ಒಂದು ಚೊಂಬು ಬಿಯರು, ಎಲ್ಲವೂ ಅಚ್ಚುಕೂಟದ ಹೊಸ್ತಿಲಲ್ಲಿ ನಿಂತೇ ಆಗಬೇಕು. ಅದೂ ಒಂದು ಕಾಲು ಒಳಗೆ, ಒಂದು ಕಾಲು ಬೀದಿಯಲ್ಲಿ. ಭಾನುವಾರ ಚರ್ಚಿನಲ್ಲಿ ಎಲ್ಲರೂ ಬೆಂಚು ಹಿಡಿದರೆ ಅವನು ಬಾಗಿಲ ಪಕ್ಕದ ಕಂಬಕ್ಕೆ ಒರಗಿರುತ್ತಿದ್ದ. ಕ್ಷೌರಕ್ಕೂ ಕೂರುತ್ತಿರಲಿಲ್ಲ. ಆಳು ಬೇರೆ ಎತ್ತರ. ಎದುರು ಅಂಗಡಿಯ ಕ್ಷೌರಿಕ ಟೋಬಿ ಸ್ಟೂಲು ಹತ್ತಿ ನಿಂತು ಕತ್ತಿ ಆಡಿಸುತ್ತಾ, "ನಿಂತ ಕುದುರೆಗೆ ಲಾಳ ಹೊಡೆಯೋದು ಕಂಡಿದ್ದೆ, ನಿಂತ ಮನುಷ್ಯನ ಗಡ್ಡ ಹೆರೆಯೋದು ನಿನ್ನಿಂದ ಕಲಿತೆ ಕಣಪ್ಪ" ಎನ್ನುತ್ತಿದ್ದ.

ಪೆಲ್‌ನ ಕೆಲಸ ಮೊಳೆ ಜೋಡಿಸುವುದು. ಸೀಸದ ಅಚ್ಚುಮೊಳೆಗಳನ್ನು ಖಾನೆಗಳಿಂದ ಒಂದೊಂದಾಗಿ ಆರಿಸಿ ಸಾಲು ಮಾಡುವ ಆ ಕೆಲಸವನ್ನು ನಿಂತೇ ಮಾಡಬೇಕಾದ್ದರಿಂದ ಅವನ ಸ್ವಭಾವಕ್ಕೂ ಅದಕ್ಕೂ ಸರಿಹೊಂದಿತ್ತು. ಅದರಲ್ಲೂ ಅವನದು ಹಾಡಿನ ಮೊಳೆ. ಒಂದೊಂದು ಸ್ವರಕ್ಕೂ ಒಂದೊಂದು ಮೊಳೆ, ಅದರ ಬೆನ್ನಿಗೆ ಐದು ಗೆರೆಗಳ ಒಂದೊಂದು ತುಂಡು. ತುಂಡಿಗೆ ತುಂಡು ಕೂಡಿದಾಗ ಗೆರೆ ಒಡೆದು ಕಾಣಬಾರದು. ಅದರ ಕೆಳಗೆ ಲ್ಯೂಟ್ ಎಂಬ ತಂತಿವಾದ್ಯ ನುಡಿಸುವವರಿಗಾಗಿ ಬೇರೆ ಆರು ಗೆರೆ, ಗೆರೆಯ ಮೇಲೆ ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಹೇಳುವ ಅಕ್ಷರಗಳು. ಇಷ್ಟನ್ನೂ ಬಲ್ಲವರು ಲಂಡನ್ನಿನಲ್ಲಿ ಬೆರಳೆಣಿಕೆಯಷ್ಟು. ಹಾಗಾಗಿ ಏಳು ವರ್ಷದಲ್ಲಿ ಆರು ಅಚ್ಚುಕೂಟಗಳನ್ನು ಹೇಳದೆ ಕೇಳದೆ ಬಿಟ್ಟು ಹೋಗಿದ್ದರೂ ಏಳನೆಯದರಲ್ಲಿ ಅವನಿಗೆ ಕೆಲಸ ಸಿಕ್ಕಿತು.

ಲಿಂಕನ್‌ಶೈರ್ ಕಡೆಯ ಕುರಿಗಾಹಿಯ ಮಗ. ಊರ ಚರ್ಚಿನ ಗುಮಾಸ್ತರು ಅವನಿಗೆ ಅಕ್ಷರವನ್ನೂ ಕೀರ್ತನೆಯನ್ನೂ ಒಟ್ಟಿಗೇ ಕಲಿಸಿದ್ದರು. ಅವನ ಮನೆತನದಲ್ಲಿ ಅಕ್ಷರ ಕಂಡವರಲ್ಲಿ ಅವನೇ ಮೊದಲಿಗ. ಹದಿನಾರಕ್ಕೆ ಮೀಸೆಗಿಂತ ಮೊದಲು ದನಿ ಬಲಿತಿತ್ತು. ಬಾವಿಯೊಳಗಿಂದ ಬಂದಂಥ ಮಂದ್ರದ ದನಿ.

ಏಳನೆಯ ಅಚ್ಚುಕೂಟ ಅರ್ಸುಲಾ ಗೇಜ್ ಎಂಬ ವಿಧವೆಯದು. ಗಂಡ ಹೋದ ಮೇಲೆ ಅದನ್ನು ಮಾರಿಬಿಡೆಂದು ಹೇಳಿದವರು ಬಹಳ ಜನ. ಅವಳು ಮಾರಲಿಲ್ಲ. ಮಸಿ ಹಚ್ಚಿ ಯಂತ್ರ ಎಳೆಯಲು ಗಿಲ್ಬರ್ಟ್ ಎಂಬ ದಾಂಡಿಗನಿದ್ದ. ಕಾಗದ ನೆನೆಸುವುದು, ಕರಡು ತಿದ್ದುವುದು, ಗಿರಾಕಿಗಳ ಜೊತೆ ಜಗಳ ಆಡುವುದು ಅವಳದೇ. ಸಂಜೆ ಬೆರಳಿನ ಮಸಿ ತೊಳೆದು ಗೋಡೆಯ ಮೇಲಿನ ಲ್ಯೂಟ್ ಇಳಿಸಿಕೊಂಡರೆ ಅರ್ಧ ಹೊತ್ತು ಶ್ರುತಿ ಮಾಡುವುದರಲ್ಲೇ ಕಳೆಯುತ್ತಿತ್ತು. ಕುರಿಯ ಕರುಳಿನ ತಂತಿಗಳು ಥಂಡಿ ಬಂದರೆ ಒಂದು ಕಡೆಗೆ, ಒಲೆ ಹೊತ್ತಿಸಿದರೆ ಇನ್ನೊಂದು ಕಡೆಗೆ ಜಗ್ಗುತ್ತಿದ್ದವು.

"ಇದೂ ನಮ್ಮ ಪೆಲ್ ಜಾತೀದೇ ಅಮ್ಮಾವ್ರೆ, ಒಂದ್ಕಡೆ ನಿಲ್ಲಲ್ಲ" ಎನ್ನುತ್ತಿದ್ದ ಗಿಲ್ಬರ್ಟ್.

"ನಿಂತೇ ಇರ್ತೀನಲ್ಲೋ ನಾನು, ಕೂರದೇ ಇರೋದಲ್ವಾ ನಿನ್ನ ದೂರು?" ಎನ್ನುತ್ತಿದ್ದ ಪೆಲ್ ಹೊಸ್ತಿಲಿನಿಂದಲೇ.

ರಾಣಿಯ ಕೊನೆಗಾಲದ ಆ ವರ್ಷಗಳಲ್ಲಿ ಪಟ್ಟಣಕ್ಕೆ ದುಃಖದ ಹಾಡಿನ ಹುಚ್ಚು ಹಿಡಿದಿತ್ತು. ಉಂಡುಟ್ಟು ಚೆನ್ನಾಗಿದ್ದ ಹುಡುಗರು ಕರೀ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು, ಕೈಕಟ್ಟಿಕೊಂಡು, ಯಾರೋ ಸತ್ತವರಂತೆ ಮರದ ಕೆಳಗೆ ನಿಲ್ಲುತ್ತಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಜೆರೋಮ್ ವಿಕ್ ಎಂಬ ಹಾಡುಗಾರ ಇಪ್ಪತ್ತೊಂದು ಅಳುವ ಹಾಡುಗಳನ್ನು ಹೊತ್ತು ಅರ್ಸುಲಾಳ ಬಾಗಿಲಿಗೆ ಬಂದ. ಪುಸ್ತಕ ಶ್ರೀಮಂತ ದೊರೆಮನೆತನದ ಒಬ್ಬ ಕೌಂಟೆಸ್‌ಗೆ ಅರ್ಪಣೆ. ಆಕೆ ಬರುವ ಶನಿವಾರ ಮಧ್ಯಾಹ್ನ ಗಾಡಿ ಕಟ್ಟಿಸಿ ಹಳ್ಳಿಯ ಮನೆಗೆ ಹೊರಡುವವಳು. ಅಷ್ಟರೊಳಗೆ ಮೊದಲ ಪ್ರತಿ ಆಕೆಯ ಮೇಜಿನ ಮೇಲಿರಬೇಕು. ಇಲ್ಲವಾದರೆ ವಿಕ್‌ನ ಮುಂದಿನ ಪುಸ್ತಕಗಳು ಬೇರೆ ಅಚ್ಚುಕೂಟಕ್ಕೆ ಹೋದ ಹಾಗೆಯೇ.

ಈ ಹಾಡಿನ ಪುಸ್ತಕಗಳದ್ದು ಒಂದು ವಿಚಿತ್ರ. ಅವು ಕೈಯಲ್ಲಿ ಹಿಡಿದು ಓದುವಂಥವಲ್ಲ. ಮೇಜಿನ ನಡುವೆ ಬಿಚ್ಚಿಟ್ಟರೆ ನಾಲ್ಕು ಜನ ನಾಲ್ಕು ಬದಿಗೆ ಕೂತು ಒಂದೇ ಪುಸ್ತಕ ನೋಡಿಕೊಂಡು ಹಾಡಬೇಕು. ಈ ಬದಿಯಲ್ಲಿ ಲ್ಯೂಟ್ ನುಡಿಸುತ್ತಾ ಮೇಲಿನ ದನಿ ಹಾಡುವವರು, ಅವರಿಗೆ ಎದುರಾಗಿ ಮಂದ್ರದವನು, ಎಡಬಲಕ್ಕೆ ನಡುದನಿಯ ಇಬ್ಬರು. ಆದ್ದರಿಂದ ತೆರೆದ ಎರಡು ಪುಟದಲ್ಲಿ ಒಬ್ಬೊಬ್ಬರ ಪಾಲು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತದೆ. ಮೊಳೆಗಳು ಮೊದಲೇ ಕನ್ನಡಿಯ ಬಿಂಬದಂತೆ ತಿರುಗಿರುತ್ತವೆ. ಅದನ್ನು ಮತ್ತೆ ನಾಲ್ಕು ಕಡೆಗೆ ತಿರುಗಿಸಿ ಕೂರಿಸುವಾಗ ಎಂಥವರಿಗೂ ತಲೆ ಗಿರ್ರೆನ್ನುತ್ತದೆ. ಪೆಲ್ ಲೆಕ್ಕ ಹಾಕುತ್ತಲೇ ಇರಲಿಲ್ಲ. ಪುಟ ಕೂಡಿಸುವ ಕಲ್ಲಿನ ಮೇಜಿನ ಸುತ್ತ ನಡೆಯುತ್ತಿದ್ದ. ಒಂದೊಂದು ಬದಿಗೂ ಹೋಗಿ, ಅಲ್ಲಿ ಕೂತವನ ಪಾಲನ್ನು ಸೀಸದಿಂದಲೇ ಓದಿ ಸಣ್ಣಗೆ ಹಾಡಿ, ಸರಿ ಎನಿಸಿದರೆ ಮುಂದಿನ ಬದಿಗೆ. ಅವನ ಕಾಲಿನ ಚಪಲವೇ ಅವನ ವಿದ್ಯೆಯಾಗಿತ್ತು. ಇಪ್ಪತ್ತು ತಿಂಗಳಲ್ಲಿ ಒಂದು ದಿಕ್ಕೂ ತಪ್ಪಿರಲಿಲ್ಲ.

ಆ ಸೋಮವಾರ ಅರ್ಸುಲಾ ಕೈಯಲ್ಲಿ ಒದ್ದೆ ಕಾಗದದ ಕಟ್ಟು ಹಿಡಿದುಕೊಂಡೇ ಕೇಳಿದಳು:

"ಆಂಬ್ರೋಸ್, ಮೆಟ್ಟಿಲ ಕೆಳಗೆ ನಿನ್ನ ಗಂಟಿದೆಯಲ್ಲ, ಅದನ್ನ ಯಾವತ್ತಾದ್ರೂ ಬಿಚ್ಚಿದ್ದೀಯಾ?"

"ಬಿಚ್ತೀನಿ ಅಮ್ಮಾವ್ರೆ, ಅಂಗಿ ಬದಲಾಯಿಸೋವಾಗ."

"ಆಮೇಲೆ ಮತ್ತೆ ಕಟ್ತೀಯ."

"ಮತ್ತೆ ಕಟ್ತೀನಿ."

"ನೋಡು, ನಂಗೆ ಸುತ್ತಿ ಬಳಸಿ ಮಾತಾಡಕ್ಕೆ ಬರಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ನೀನು ಎಲ್ಲೂ ಇರಲ್ಲ ಅಂತಾರೆ. ಶನಿವಾರ ಪುಸ್ತಕ ಹೋಗತ್ತೆ. ಅವತ್ತು ನಂಗೊಂದು ಮಾತು ಹೇಳಿಬಿಡು. ಇರ್ತೀಯೋ, ಹೋಗ್ತೀಯೋ. ಇರೋದಾದ್ರೆ ಕೆಲಸದವನಾಗಿ ಬೇಡ. ಮನೆಯವನಾಗಿ ಇರು."

ಪೆಲ್ ಬಾಯಿ ತೆರೆದ.

"ಈಗಲೇ ಹೇಳು ಅಂದ್ನಾ? ಶನಿವಾರ ಅಂದೆ" ಎಂದು ಅವಳು ಕಾಗದದ ಕಡೆ ತಿರುಗಿದಳು. ಕತ್ತಿನ ಹಿಂಭಾಗ ಕೆಂಪಾಗಿತ್ತು.

ಅಂದಿನಿಂದ ಪೆಲ್‌ನ ಕಾಲಿನ ಚಪಲ ಇನ್ನೂ ಹೆಚ್ಚಾಯಿತು. ಆಕ್ಸ್‌ಫರ್ಡಿನಲ್ಲಿ ಒಂದು ಅಚ್ಚುಕೂಟವಿದೆ ಎಂದು ಯಾರೋ ಹೇಳಿದ್ದು ತಲೆಯಲ್ಲಿ ಸುಳಿಯುತ್ತಿತ್ತು. ಅಲ್ಲಿಗೆ ಎರಡು ದಿನದ ನಡಿಗೆ. ಮರುಕ್ಷಣವೇ ಅರ್ಸುಲಾ ಶ್ರುತಿ ಮಾಡುವಾಗ ಕೆಳತುಟಿ ಕಚ್ಚಿಕೊಳ್ಳುವುದು ನೆನಪಾಗಿ, ಎತ್ತಿಕೊಂಡ ಮೊಳೆ ತಪ್ಪು ಖಾನೆಗೆ ಬೀಳುತ್ತಿತ್ತು.

ಇದರ ಮೇಲೆ ಗಾಳಿ ಬೇರೆ. ಉತ್ತರದಿಂದ ಒಣಗಾಳಿ ಎದ್ದು, ಅಚ್ಚಿಗೆಂದು ನೆನೆಸಿಟ್ಟ ಕಾಗದ ಯಂತ್ರಕ್ಕೆ ಹೋಗುವ ಮೊದಲೇ ಅಂಚಿನಲ್ಲಿ ಒಣಗಿ ಸುರುಟತೊಡಗಿತು. ಒಣಕಾಗದಕ್ಕೆ ಮಸಿ ಹತ್ತುವುದಿಲ್ಲ. ಅರ್ಸುಲಾ ಬೀದಿಬಾಗಿಲು ಹಾಕಿಸಿ ಅಗಳಿ ಇಡಿಸಿದಳು. "ಪುಸ್ತಕ ಮುಗಿಯೋವರೆಗೂ ಯಾರೂ ತೆಗೀಬೇಡಿ" ಎಂದಳು. ಅವಳಿಗೆ ಗೊತ್ತಿರಲಿಲ್ಲ.

ಗೊತ್ತಿದ್ದವರು ಯಾರೂ ಇರಲಿಲ್ಲ. ಏಳು ವರ್ಷದ ಹಿಂದೆ, ದೊಡ್ಡ ಪ್ಲೇಗು ಬಂದ ಬೇಸಿಗೆಯಲ್ಲಿ, ಪೆಲ್‌ಗೆ ಸಿಸ್ಲಿ ಎಂಬ ಹೆಂಡತಿಯಿದ್ದಳು. ಅವಳ ಕಂಕುಳಲ್ಲಿ ಗಂಟು ಕಂಡ ದಿನವೇ ಬೀದಿಯ ಅಧಿಕಾರಿಗಳು ಬಂದು ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಅದರ ಮೇಲೆ ಕೆಂಪು ಶಿಲುಬೆ ಬರೆದು, ಕಾವಲು ಕೂರಿಸಿದರು. ಇಪ್ಪತ್ತೆಂಟು ದಿನ ಒಳಗಿದ್ದವರು ಹೊರಗೆ ಬರುವಂತಿಲ್ಲ. ಕಿಟಕಿಯಿಂದ ಇಳಿಬಿಟ್ಟ ಬುಟ್ಟಿಯಲ್ಲಿ ರೊಟ್ಟಿ ಬರುತ್ತಿತ್ತು. ಸಿಸ್ಲಿ ಒಂಬತ್ತನೆಯ ದಿನ ಹೋದಳು. ಮಿಕ್ಕ ಹತ್ತೊಂಬತ್ತು ದಿನ ಪೆಲ್ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಆಮೇಲೆ ಅವನು ಕೂತದ್ದೇ ಇಲ್ಲ.

ಮಂಗಳವಾರ ಅವನ ಕೈಗೆ ಹದಿನಾಲ್ಕನೆಯ ಹಾಡು ಬಂತು. ವಿಕ್‌ನ ದುಂಡಗಿನ ಅಕ್ಷರದಲ್ಲಿ ಹೀಗಿತ್ತು:

ಹಾಕಿರಿ ಬಾಗಿಲು, ಬೆಳಕು ಹೊರಗೇ ನಿಂತಿರಲಿ,
ನನಗೂ ನನ್ನ ನೋವಿಗೂ ಒಂದೇ ಕೋಣೆ ಸಾಕು.

ಪೆಲ್ ಎರಡು ಸಲ ಓದಿಕೊಂಡ. "ಸಾಕಂತೆ" ಎಂದು ಗೊಣಗಿದ. "ಹತ್ತೊಂಬತ್ತು ದಿನ ಇದ್ದು ನೋಡ್ಲಿ."

"ಏನಂದೆ?" ಎಂದ ಗಿಲ್ಬರ್ಟ್ ಯಂತ್ರದ ಹಿಡಿ ಎಳೆಯುತ್ತಾ.

"ಏನಿಲ್ಲ. ಬಾಗಿಲು ಸ್ವಲ್ಪ ತೆಗೀಬಾರ್ದಾ?"

"ಅಮ್ಮಾವ್ರು ನನ್ನ ಚರ್ಮ ಸುಲೀತಾರೆ. ಸೆಕೆಯಾದ್ರೆ ಟೋಪಿ ತೆಗಿ."

ಪೆಲ್ ಬೆವರುತ್ತಿದ್ದುದು ಸೆಕೆಗಲ್ಲ. ಕಲ್ಲಿನ ಮೇಜಿನ ಆಚೆಬದಿ, ಅಂದರೆ ಮಂದ್ರದವನ ಬದಿ, ಬಾಗಿಲಿಗೆ ಹತ್ತಿಕೊಂಡಿತ್ತು. ಅಲ್ಲಿ ನಿಂತರೆ ಅಗಳಿ ಹಾಕಿದ ಬಾಗಿಲು ನೇರ ಬೆನ್ನಿಗೆ ಬರುತ್ತದೆ. ಅವನು ಮೂರು ಬದಿ ನಡೆದ. ಮೂರರಲ್ಲೂ ಹಾಡಿಕೊಂಡ. ನಾಲ್ಕನೆಯದಕ್ಕೆ ಹೋಗಲು ಕಾಲು ಬರಲಿಲ್ಲ. ಇದ್ದಲ್ಲಿಂದಲೇ ಕೈಚಾಚಿ ಮಂದ್ರದ ಪಾಲನ್ನು ತಿರುಗಿಸಿ ಕೂರಿಸಿ, ಸುತ್ತ ಮರದ ಬೆಣೆ ಹೊಡೆದು ಬಿಗಿದ. ಎಂದಿನಂತೆ ಕರಡಚ್ಚನ್ನು ಮೇಜಿನ ಮೇಲಿಟ್ಟು ನಾಲ್ವರು ಹಾಡಿ ನೋಡಿದ್ದರೆ ತಪ್ಪು ಆಗಲೇ ಸಿಕ್ಕಿಬೀಳುತ್ತಿತ್ತು. ಆದರೆ ಪೆಲ್ ಮೇಜಿಗೆ ಕೂರುವವನಲ್ಲವಾದ್ದರಿಂದ ಯಾವಾಗಲೂ ಮಂದ್ರ ಹಾಡುತ್ತಿದ್ದ ಕ್ಷೌರಿಕ ಟೋಬಿ ಗಂಟಲು ಕಟ್ಟಿ ಮಲಗಿದ್ದ. "ನಾಲ್ಕೂ ಬದಿ ನೋಡಿದ್ಯಲ್ಲ?" ಎಂದು ಅರ್ಸುಲಾ ಕೇಳಿದಳು. "ನೋಡಿದೆ" ಎಂದುಬಿಟ್ಟ ಪೆಲ್. ಗಿಲ್ಬರ್ಟ್ ಬುಧವಾರವಿಡೀ ಆ ಹಾಳೆಯನ್ನು ಒತ್ತಿ, ತಲೆಯ ಮೇಲಿನ ಹಗ್ಗಗಳ ತುಂಬ ಒಣಹಾಕಿದ.

ಗುರುವಾರ ಮಧ್ಯಾಹ್ನ ವಿಕ್ ಹಾಡಿಸಿ ನೋಡಲು ಬಂದ. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ, ಕೈಯಲ್ಲಿ ಅರ್ಧ ತಿಂದ ಕುರಿಮಾಂಸದ ಕಡುಬು. ಕೆನ್ನೆ ಸೇಬಿನಂತಿತ್ತು.

"ಹದಿನಾಲ್ಕನೇದು ಹಾಡೋಣಮ್ಮ. ಅದನ್ನ ಬರೆಯೋವಾಗ ನಾನೇ ಅತ್ತುಬಿಟ್ಟಿದ್ದೆ" ಎಂದು ಅವನು ಬೆರಳು ನೆಕ್ಕಿ ಹಾಳೆ ಬಿಚ್ಚಿಟ್ಟ ಮೇಜಿನ ಒಂದು ಬದಿಗೆ ಕೂತ. ಎದುರು ಬದಿಗೆ ಗಿಲ್ಬರ್ಟ್. ಅರ್ಸುಲಾ ಲ್ಯೂಟ್ ಹಿಡಿದು ತನ್ನ ಜಾಗ ಹಿಡಿದಳು. "ಮಂದ್ರಕ್ಕೆ ಯಾರು?" ಎಂದಳು.

ಎಲ್ಲರೂ ಪೆಲ್‌ನನ್ನು ನೋಡಿದರು.

"ನಾನು ನಿಂತೇ ಹಾಡ್ತೀನಿ" ಎಂದು ಅವನು ಒಲ್ಲದ ಮನಸ್ಸಿನಿಂದ ಬಾಗಿಲ ಬದಿಗೆ ಹೋಗಿ ಬಗ್ಗಿದ. ಅಲ್ಲಿಂದ ಅವನಿಗೆ ಕಂಡದ್ದು ತಲೆಕೆಳಗಾದ ಸ್ವರಗಳು. ಮಂದ್ರದ ಪಾಲು ಅರ್ಸುಲಾಳ ಕಡೆಗೆ ಮುಖ ಮಾಡಿ ಮಲಗಿತ್ತು.

ಗಿಲ್ಬರ್ಟ್‌ಗೆ ತಡೆಯಲಾಗಲಿಲ್ಲ. "ಅಯ್ಯಯ್ಯೋ, ಇದನ್ನ ಹಾಡಬೇಕಾದ್ರೆ ಮಂದ್ರದವನು ಅಮ್ಮಾವ್ರ ತೊಡೆ ಮೇಲೇ ಕೂರಬೇಕಲ್ಲೋ! ಬೇಕು ಅಂತಲೇ ಮಾಡಿದ್ಯಾ?"

ಅರ್ಸುಲಾಳ ಮುಖ ಕೆಂಪಾಯಿತು. ವಿಕ್ ಎದ್ದು ನಿಂತ. "ಕುಡಿದಿದ್ದನಾ ಇವನು? ಕೌಂಟೆಸ್ ಮೇಜಿನ ಮೇಲೆ ಇದನ್ನಿಡಲಾ? ನಗೆಪಾಟಲಾಗಲಾ? ನೂರಾರು ಹಾಳೆ ಒತ್ತಿದ್ದೀರಲ್ಲಮ್ಮ!"

"ನಾಲ್ಕೂ ಬದಿ ನೋಡಿದೆ ಅಂದ್ಯಲ್ಲ ಆಂಬ್ರೋಸ್?" ಅರ್ಸುಲಾ ಕೇಳಿದ್ದು ಇಷ್ಟೇ.

ಪೆಲ್ ಬಾಗಿಲಿಗೆ ತಿರುಗಿದ. ಅಗಳಿ ತೆಗೆದ. ಬಾಗಿಲು ದಡಾರನೆ ಒಳಕ್ಕೆ ಬಡಿಯಿತು, ಹಗ್ಗದ ಮೇಲಿನ ಹಾಳೆಗಳೆಲ್ಲ ಒಮ್ಮೆಗೇ ಎದ್ದು ಹೊಯ್ದಾಡಿದವು. ಅವನು ಮೆಟ್ಟಿಲ ಕೆಳಗಿನ ಗಂಟನ್ನು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ.

ಕೋಟೆಬಾಗಿಲು ದಾಟಿದರೆ ಆಕ್ಸ್‌ಫರ್ಡಿನ ದಾರಿ ಪಶ್ಚಿಮಕ್ಕೆ. ಅವನ ಕಾಲುಗಳು ದಕ್ಷಿಣಕ್ಕೆ, ನದಿಯ ಕಡೆಗೆ ಎಳೆದವು. ಸೇತುವೆಯವರೆಗೆ ಹೋದ, ತಿರುಗಿದ. ಮೀನಿನ ಪೇಟೆ ಹಾದು, ಮತ್ತೆ ನದಿ, ಮತ್ತೆ ಮೇಲಕ್ಕೆ. ನಾಲ್ಕೂ ಬದಿ ನೋಡಿದೆ ಎಂದ ತನ್ನ ಸುಳ್ಳು ಬೂಟಿನೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು. ಆರು ಅಚ್ಚುಕೂಟ ಬಿಟ್ಟಾಗಲೂ ಅವನು ಕೆಲಸ ಕೆಡಿಸಿ ಬಿಟ್ಟವನಲ್ಲ. ಗೊತ್ತಿಲ್ಲದೆಯೇ ಅವನು ಸಿಸ್ಲಿ ಸತ್ತ ಮನೆಯ ಮುಂದೆ ಬಂದು ನಿಂತಿದ್ದ. ಏಳು ವರ್ಷದಲ್ಲಿ ಊರೆಲ್ಲ ಸುತ್ತಿದರೂ ಈ ಓಣಿಗೆ ಕಾಲಿಟ್ಟಿರಲಿಲ್ಲ. ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ಬಾಗಿಲು ಹಾರುಹೊಡೆದಿತ್ತು. ಹೊಸ್ತಿಲ ಮೇಲೆ ಒಬ್ಬಳು ಹೆಂಗಸು ಕೂತು ಸೇಬಿನ ಸಿಪ್ಪೆ ಹೆರೆಯುತ್ತಿದ್ದಳು.

"ಯಾರು ಬೇಕಿತ್ತಪ್ಪ?" ಎಂದಳು.

"ಯಾರೂ ಇಲ್ಲ ತಾಯಿ. ಈ ಬಾಗಿಲು... ಯಾವಾಗಲೂ ತೆಗ್ದೇ ಇರತ್ತಾ?"

"ಒಳಗೆ ಹೊಗೆ ತಡೆಯಕ್ಕಾಗಲ್ಲ. ಅದಕ್ಕೇ ತೆಗ್ದಿಟ್ಟಿರ್ತೀನಿ. ಯಾಕೆ, ಕೊಳ್ಳೋ ಯೋಚನೆಯಾ?"

ಪೆಲ್ ನಕ್ಕನೋ ಕೆಮ್ಮಿದನೋ ಅವಳಿಗೆ ತಿಳಿಯಲಿಲ್ಲ. ಅವಳು ಒಂದು ಸೇಬು ಎಸೆದಳು. ಅವನು ಹಿಡಿದುಕೊಂಡು ತಿನ್ನುತ್ತಾ ನಡೆದ. ಸೇಬು ಮುಗಿಯುವ ಹೊತ್ತಿಗೆ ಇನ್ನೊಂದು ಯೋಚನೆ ಬಂದಿತ್ತು. ಈ ಹೊತ್ತಿಗೆ ಗಿಲ್ಬರ್ಟ್ ಆ ಪುಟದ ಬೆಣೆ ಬಿಚ್ಚಿರುತ್ತಾನೆ. ಮಂದ್ರದ ಪಾಲನ್ನು ಎತ್ತಲು ಹೋಗಿ ಮೊಳೆಯೆಲ್ಲ ಚೆಲ್ಲಿಬಿಡುತ್ತಾನೆ. ಪೆಲ್‌ನ ನಡಿಗೆ ಚುರುಕಾಯಿತು.

ಅಚ್ಚುಕೂಟ ತಲುಪಿದಾಗ ಬಿಸಿಲು ಇನ್ನೂ ಚಾವಣಿಗಳ ಮೇಲಿತ್ತು. ಬಾಗಿಲು ತೆರೆದೇ ಇತ್ತು. ಗಾಳಿಗೆ ಮುಚ್ಚದ ಹಾಗೆ ಅರ್ಸುಲಾ ತನ್ನ ಕುರ್ಚಿಯನ್ನೇ ಅಡ್ಡ ಇಟ್ಟಿದ್ದಳು. ಕಾಗದದ ಕಟ್ಟುಗಳ ಮೇಲೆ ಒದ್ದೆ ಕಂಬಳಿ ಹೊದಿಸಿತ್ತು. ಅವಳೂ ಗಿಲ್ಬರ್ಟೂ ಕಲ್ಲಿನ ಮೇಜಿನ ಮೇಲೆ ಬಗ್ಗಿ, ಬಾತುಕೋಳಿಗಳ ಹಾಗೆ ಕತ್ತು ತಿರುಚಿಕೊಂಡು ನಿಂತಿದ್ದರು.

"ಈಗ ಸರಿಯಾಯ್ತು" ಎನ್ನುತ್ತಿದ್ದ ಗಿಲ್ಬರ್ಟ್.

"ಈಗ ನಿನ್ನ ಪಾಲಿನ ಮೇಲೆ ಮಂದ್ರದವನು ಕೂತ" ಎಂದ ಪೆಲ್ ಹೊಸ್ತಿಲಲ್ಲಿ ನಿಂತು. "ಕೈ ತೆಗಿಯೋ ಮಾರಾಯ, ಚೆಲ್ಲೀಯ."

ಅರ್ಸುಲಾ ತಲೆಯೆತ್ತಿದಳು. ಅವಳ ಕಣ್ಣು ಮೊದಲು ಅವನ ಹೆಗಲಿನ ಗಂಟಿಗೆ ಹೋಯಿತು. "ಬಾಗಿಲಾ?" ಎಂದಳು.

"ಬಾಗಿಲೇ."

"ಹಾಕಿಸಿದ ದಿನದಿಂದ ನೀನು ಈ ಬದಿಗೆ ಬಂದಿಲ್ಲ. ನೀನು ಹೋದ ಮೇಲೆ ಗಿಲ್ಬರ್ಟ್ ಹೇಳಿದ. ನೋಡಿದ್ರೆ ಇಲ್ಲಿ ನೆಲದ ಮೇಲೆ ಮಸಿಯ ಹೆಜ್ಜೆಯೇ ಇಲ್ಲ."

ಪೆಲ್ ಗಂಟು ಇಳಿಸಿದ. "ಪ್ಲೇಗಿನ ವರ್ಷ ನಮ್ಮನೆಗೆ ಬೀಗ ಹಾಕಿದ್ರು ಅಮ್ಮಾವ್ರೆ. ನನ್ನ ಹೆಂಡತಿ ಸಿಸ್ಲಿ ಹೋಗಿದ್ದು ಒಂಬತ್ತನೇ ದಿನ. ಮಿಕ್ಕ ಹತ್ತೊಂಬತ್ತು ದಿನ ನಾನೊಬ್ನೇ." ಗಿಲ್ಬರ್ಟ್ ಮಸಿಯ ಕೈಯನ್ನು ಅಂಗಿಗೆ ಒರೆಸಿಕೊಂಡು, "ನಾನು ಕಾಗದ ನೆನೆಸ್ತೀನಿ" ಎಂದು ಹಿತ್ತಲಿಗೆ ಹೋದ.

ಪೆಲ್ ಕಲ್ಲಿನ ಸುತ್ತ ನಡೆದ. ಒಂದು ಬದಿ, ಎರಡು, ಮೂರು. ನಾಲ್ಕನೆಯದಕ್ಕೆ ಬಂದಾಗ ಬೀದಿಯ ಗಾಳಿ ಅವನ ಕತ್ತಿಗೆ ಬಡಿಯುತ್ತಿತ್ತು. ಅಲ್ಲಿ ನಿಂತು ಸೀಸದಿಂದ ಸಣ್ಣಗೆ ಹಾಡಿದ. ಮೊಳೆಗಳನ್ನು ಬಿಗಿದ. ಶುಕ್ರವಾರ ಮೂವರೂ ಸರದಿಯ ಮೇಲೆ ಯಂತ್ರ ಎಳೆದರು. ಗಾಳಿಗೆ ಕಾಗದ ಒಣಗಿದಂತೆಲ್ಲ ಅರ್ಸುಲಾ ಮತ್ತೆ ಮತ್ತೆ ನೀರು ಚಿಮುಕಿಸಿದಳು. ಅಂಚು ಸುರುಟಿ ಎಷ್ಟೋ ಹಾಳೆ ಕೆಟ್ಟವು. ಬಾಗಿಲು ಮುಚ್ಚೋಣವೆಂದು ಯಾರೂ ಬಾಯಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ವಿಕ್ ಬಂದ. ಮುಖ ಗಂಟಿಕ್ಕಿಕೊಂಡಿದ್ದ. ಅವನ ಹಾಡುಗಳಿಗೆ ಮೊದಲ ಸಲ ಒಪ್ಪುವಂಥ ಮುಖ. ಮೇಜಿನ ನಡುವೆ ಹೊಸ ಹಾಳೆ ಬಿಚ್ಚಿದರು. ಬಾಗಿಲ ಬದಿಯ ಬೆಂಚು ಖಾಲಿಯಿತ್ತು. ಪೆಲ್ ಅದನ್ನು ಸ್ವಲ್ಪ ಹೊತ್ತು ನೋಡಿದ. ಹಿಂದಕ್ಕೆ ತಿರುಗಿ ಬೀದಿಯನ್ನು ನೋಡಿದ. ಹಾಲಿನವಳೊಬ್ಬಳು ಹೋಗುತ್ತಿದ್ದಳು. ಆಮೇಲೆ ಕೂತ.

ಗಿಲ್ಬರ್ಟ್‌ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅರ್ಸುಲಾ ಮೇಜಿನ ಕೆಳಗಿಂದ ಅವನನ್ನು ಒದ್ದಳು.

ಲ್ಯೂಟ್ ಶುರುವಾಯಿತು. ಬಾಗಿಲು ಹಾಕಿರೆಂದು ಬೇಡುವ ಹಾಡನ್ನು ಪೆಲ್ ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಹಾಡಿದ. ಒಂದೇ ಕೋಣೆ ಸಾಕು ಎನ್ನುವಲ್ಲಿ ಮಂದ್ರ ಎಲ್ಲರಿಗಿಂತ ಕೆಳಗಿಳಿದು ಒಂಟಿಯಾಗಿ ನಿಲ್ಲಬೇಕು. ಅವನ ದನಿ ಅಲ್ಲಿ ಅಲುಗದೆ ನಿಂತಿತು. ಮೇಜಿನ ಕೆಳಗೆ ಮೊಣಕಾಲು ಮಾತ್ರ ಎಡೆಬಿಡದೆ ಕುಣಿಯುತ್ತಿತ್ತು. ಹಾಡು ಮುಗಿದಾಗ ವಿಕ್‌ನ ಕಣ್ಣಲ್ಲಿ ನೀರಿತ್ತು. ಅವನು ಅದನ್ನು ತನ್ನ ಹಾಡಿನ ಹೆಚ್ಚುಗಾರಿಕೆ ಎಂದೇ ತಿಳಿದು, ಹೊಲಿದ ಪ್ರತಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ಕೌಂಟೆಸ್ ಮನೆಗೆ ಓಡಿದ.

ಪೆಲ್ ಆಗಲೇ ಎದ್ದು ಹೊಸ್ತಿಲು ಸೇರಿದ್ದ. ಅರ್ಸುಲಾ ತಂತಿಗಳನ್ನು ಸಡಿಲಿಸುತ್ತಾ, ಅವನ ಕಡೆ ನೋಡದೆ, "ಇವತ್ತು ಶನಿವಾರ" ಎಂದಳು.

"ಗೊತ್ತು."

"ಹೂಂ."

ಪೆಲ್ ಬಾಗಿಲಿನ ಹಲಗೆಯನ್ನು ಮೇಲಿನಿಂದ ಕೆಳಗೆ ಸವರಿ ನೋಡಿದ. "ಇದಕ್ಕೆ ಇಲ್ಲಿ, ಸೊಂಟದ ಮಟ್ಟಕ್ಕೆ ಗರಗಸ ಹಾಕಿಸಬೇಕು. ಕೆಳಗಿನ ಅರ್ಧ ಮುಚ್ಚಿದ್ರೆ ಕಾಗದಕ್ಕೆ ಗಾಳಿ ಹೊಡೆಯಲ್ಲ. ಮೇಲಿಂದು ತೆಗ್ದೇ ಇರಲಿ. ಬಡಗಿಗೆ ಯಾರು ಹೇಳೋದು, ನೀವಾ ನಾನಾ?"

"ಮನೆಯವನು ಹೇಳ್ಲಿ" ಎಂದಳು ಅರ್ಸುಲಾ.

ಬಡಗಿ ಸೋಮವಾರ ಬಂದ. ಅವರು ಕ್ರಿಸ್‌ಮಸ್ಸಿಗೆ ಮುಂಚೆ ಮದುವೆಯಾದರು. ಪೆಲ್ ಆ ಮನೆಯಲ್ಲಿ ಸಾಯುವವರೆಗೆ ಹದಿನೆಂಟು ವರ್ಷ ಇದ್ದ. ನಡುವೆ ಎರಡು ಸಲ ಹೇಳದೆ ಹೊರಟುಹೋಗಿದ್ದುಂಟು. ಒಮ್ಮೆ ಮೂರು ವಾರ, ಒಮ್ಮೆ ಐದು ದಿನ. ಬಂದಾಗ ಅರ್ಸುಲಾ, "ಕಾಲು ತೊಳ್ಕೊ, ಕರಡು ಬಂದಿದೆ" ಎನ್ನುವುದರ ಹೊರತು ಬೇರೆ ಕೇಳುತ್ತಿರಲಿಲ್ಲ. ಊಟ ಮಾತ್ರ ಕೊನೆಯವರೆಗೂ ಅರ್ಧಬಾಗಿಲ ಮೇಲೆ ತಟ್ಟೆಯಿಟ್ಟುಕೊಂಡು ನಿಂತೇ ಆಗುತ್ತಿತ್ತು.

ದಿಕ್ಕು ತಪ್ಪಿದ ಆ ನೂರಾರು ಹಾಳೆಗಳು ಬೆಣ್ಣೆ ಕಟ್ಟಲು, ಮೇಣದ ಬತ್ತಿ ಸುತ್ತಲು ಹೋದವು. ಒಂದನ್ನು ಅರ್ಸುಲಾ ಇಟ್ಟುಕೊಂಡಿದ್ದಳು. ನಡುದನಿಯವರು ಯಾರೂ ಇಲ್ಲದ ಸಂಜೆ, ಇಬ್ಬರೇ ಇದ್ದಾಗ, ಅದನ್ನು ಮೇಜಿನ ಮೇಲೆ ಹರಡುತ್ತಿದ್ದಳು. ಆ ಹಾಳೆ ನೋಡಿ ಹಾಡಬೇಕಾದರೆ ಮಂದ್ರದವನು ಲ್ಯೂಟಿನ ಪಕ್ಕಕ್ಕೇ ಬಂದು ಕೂರಬೇಕು. ತಂತಿ ಮೀಟುವ ಅವಳ ಮೊಣಕೈ ಅವನ ಪಕ್ಕೆಗೆ ತಿವಿಯುತ್ತಿತ್ತು.

"ಸರಿದು ಕೂತ್ಕೊ."

"ಸರಿದ್ರೆ ಸ್ವರ ಕಾಣಲ್ಲ."

ಕಡೆಯ ಸಾಲು ಬರುವಷ್ಟರಲ್ಲಿ ಅವನ ಮೊಣಕಾಲು ಕುಣಿಯತೊಡಗುತ್ತಿತ್ತು. ಎದ್ದು, ಬಾಗಿಲಿಗೆ ಹೋಗಿ, ಮಿಕ್ಕ ಎರಡು ಸ್ವರಗಳನ್ನು ಅಲ್ಲಿಂದಲೇ ಹಾಡಿ ಮುಗಿಸುತ್ತಿದ್ದ. ಅವಳು ಅಷ್ಟು ಹೊತ್ತು ಕಡೆಯ ತಂತಿಯನ್ನು ಮೀಟದೆ ತಡೆದು ಹಿಡಿದಿರುತ್ತಿದ್ದಳು.